ವಶದಲ್ಲಿದ್ದವನ ಮೇಲೆ ಹಾರಿದ ಗುಂಡು: ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಹೇಗೆ?

2025ರ ಏಪ್ರಿಲ್‌ನಲ್ಲಿ ಆರು ದಿನಗಳ ಅಂತರದಲ್ಲಿ ಬಂದ ಎರಡು ಸುದ್ದಿಗಳು ಓದುಗರನ್ನು ಗೊಂದಲಕ್ಕೆ ದೂಡಿದವು. ಏಪ್ರಿಲ್ 7ರಂದು ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದ ಬದ್ಲಾಪುರ ಪ್ರಕರಣದಲ್ಲಿ ಒಂದು ಆದೇಶ ನೀಡಿತು. ಅಲ್ಲಿನ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪಿ 2024ರ ಸೆಪ್ಟೆಂಬರ್ 23ರಂದು ಪೊಲೀಸ್ ವಾಹನದೊಳಗೇ ಗುಂಡೇಟಿನಿಂದ ಸತ್ತಿದ್ದ. ಆ ಸಾವಿನಲ್ಲಿ ಐವರು ಪೊಲೀಸರ ಪಾತ್ರ ಏನೆಂಬುದನ್ನು ವಿಶೇಷ ತನಿಖಾ ತಂಡ ಎಫ್‌ಐಆರ್ ದಾಖಲಿಸಿ ತನಿಖೆ ಮಾಡಬೇಕು ಎಂಬುದೇ ಆ ಆದೇಶ. ಏಪ್ರಿಲ್ 13ರ ಭಾನುವಾರ ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆ ನಡೆಯಿತು. ಕೊಲೆಗಾರನೆಂದು ಪೊಲೀಸರು ವಶಕ್ಕೆ ಪಡೆದ ಬಿಹಾರ ಮೂಲದ ವ್ಯಕ್ತಿ ಅದೇ ದಿನ ಪೊಲೀಸರ ಗುಂಡಿಗೆ ಬಲಿಯಾದ. ಅಲ್ಲಿ ನ್ಯಾಯಾಲಯ ಪೊಲೀಸರನ್ನು ಪ್ರಶ್ನಿಸುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಜನ ಪೊಲೀಸರನ್ನು ಅಭಿನಂದಿಸುತ್ತಿದ್ದರು.

ಹುಬ್ಬಳ್ಳಿ ಪೊಲೀಸರು ಕೊಟ್ಟ ವಿವರಣೆ ಹೀಗಿತ್ತು: ಪರಿಶೀಲನೆಗಾಗಿ ಆತನನ್ನು ಅವನ ವಾಸಸ್ಥಳಕ್ಕೆ ಕರೆದೊಯ್ದಾಗ ಕಲ್ಲು ತೂರಿ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದ; ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ನಿಲ್ಲಲಿಲ್ಲ; ಬಳಿಕ ಹಾರಿಸಿದ ಗುಂಡುಗಳು ಕಾಲಿಗೂ ಬೆನ್ನಿಗೂ ತಗುಲಿದವು; ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ತನಿಖೆ ಸಿಐಡಿಗೆ ಹೋಯಿತು. ನಾಗರಿಕ ಹಕ್ಕುಗಳಿಗಾಗಿ ಕೆಲಸ ಮಾಡುವ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಸಂಘಟನೆ, ಸುಪ್ರೀಂ ಕೋರ್ಟಿನ ಮಾರ್ಗಸೂಚಿಗಳ ಪಾಲನೆಯಾಗಬೇಕೆಂದು ಕರ್ನಾಟಕ ಹೈಕೋರ್ಟ್ ಮೊರೆ ಹೋಯಿತು. ಆಗ ಅನೇಕರು ಕೇಳಿದ ಪ್ರಶ್ನೆ ಒಂದೇ: ಮಗುವನ್ನು ಕೊಂದವನು ಸತ್ತರೆ ಅದರಲ್ಲಿ ವಿಚಾರಿಸುವುದೇನಿದೆ?

ಆ ಪ್ರಶ್ನೆಯ ಹಿಂದಿರುವ ಸಂಕಟವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ವಿಚಾರಿಸುವುದಕ್ಕೆ ಬಹಳಷ್ಟಿದೆ.

ಬೆರೆತುಹೋಗುವ ಎರಡು ಪ್ರಶ್ನೆಗಳು

ಇಂಥ ಸಾವಿನ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಒಂದಾಗಿಬಿಡುತ್ತವೆ. ಆತ ಆ ಅಪರಾಧ ಮಾಡಿದ್ದನೇ ಎಂಬುದು ಒಂದು. ಗುಂಡು ಹಾರಿದ ಆ ಗಳಿಗೆಯಲ್ಲಿ ಗುಂಡು ಹಾರಿಸದೆ ಬೇರೆ ದಾರಿ ಇರಲಿಲ್ಲವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಎಷ್ಟೇ ಖಚಿತವಾಗಿದ್ದರೂ ಅದು ಎರಡನೆಯದಕ್ಕೆ ಉತ್ತರವಾಗುವುದಿಲ್ಲ.

ಇದನ್ನು ಎರಡು ತುದಿಗಳಿಂದ ನೋಡಬಹುದು. ಎಲ್ಲ ನ್ಯಾಯಾಲಯಗಳಲ್ಲೂ ಅಪರಾಧ ಸಾಬೀತಾಗಿ ಗಲ್ಲು ಶಿಕ್ಷೆಗೆ ಗುರಿಯಾದ ಕೈದಿಯನ್ನೂ ಜೈಲಿನ ಅಧಿಕಾರಿ ತನಗೆ ತೋಚಿದ ದಿನ ಕೊಲ್ಲುವಂತಿಲ್ಲ. ಕೊಂದರೆ ಅದು ಕೊಲೆಯೇ. ಇತ್ತ, ಯಾವ ಅಪರಾಧವನ್ನೂ ಮಾಡದ, ತಪ್ಪು ಗುರುತಿನಿಂದ ಠಾಣೆಗೆ ಬಂದ ಒಬ್ಬ ಅಮಾಯಕ ಗಾಬರಿಗೊಂಡು ಪೊಲೀಸ್ ಪೇದೆಯ ಬಂದೂಕು ಕಸಿದು ಅವರತ್ತ ಗುರಿಯಿಟ್ಟರೆ, ಅವನ ಮೇಲೆ ಗುಂಡು ಹಾರಿಸಿದ್ದು ಕಾನೂನಿನ ದೃಷ್ಟಿಯಲ್ಲಿ ಸಮರ್ಥನೀಯವೇ ಆಗಬಹುದು. ಅಂದರೆ ಬಲಪ್ರಯೋಗದ ಸರಿತಪ್ಪುಗಳನ್ನು ಅಳೆಯುವ ಕೋಲು ಆರೋಪಿಯ ಹಿಂದಿನ ಕೃತ್ಯವಲ್ಲ. ಆ ಕ್ಷಣದ ಅಪಾಯ ಎಷ್ಟಿತ್ತು, ಅದನ್ನು ತಡೆಯಲು ಎಷ್ಟು ಬಲ ಸಾಕಿತ್ತು ಎಂಬುದೇ ಅದರ ಅಳತೆ. ಹುಬ್ಬಳ್ಳಿ ಘಟನೆಯ ಚರ್ಚೆಯಲ್ಲಿ ಮರೆಯಾದದ್ದು ಈ ಅಳತೆಗೋಲೇ.

ಕಾನೂನು ಕೊಟ್ಟಿರುವ ಅಧಿಕಾರ ಎಷ್ಟು?

ಬಂಧನಕ್ಕೆ ಬಲವಾಗಿ ಪ್ರತಿರೋಧ ಒಡ್ಡುವವನನ್ನು ಅಥವಾ ತಪ್ಪಿಸಿಕೊಳ್ಳಲು ಯತ್ನಿಸುವವನನ್ನು ಹಿಡಿಯಲು 'ಅಗತ್ಯವಾದ ಎಲ್ಲ ವಿಧಾನಗಳನ್ನೂ' ಬಳಸಬಹುದೆಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ ಹೇಳುತ್ತದೆ. ಅದೇ ಸೆಕ್ಷನ್ನಿನ ನಾಲ್ಕನೇ ಉಪಕಲಮು ಒಂದು ಗೆರೆ ಎಳೆದಿದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧದ ಆರೋಪವಿಲ್ಲದ ವ್ಯಕ್ತಿಯ ಸಾವಿಗೆ ಕಾರಣವಾಗುವ ಹಕ್ಕನ್ನು ಈ ಸೆಕ್ಷನ್ ಕೊಡುವುದಿಲ್ಲ. ಹಾಗಾದರೆ ಮಗುವಿನ ಕೊಲೆಯಂಥ, ಗಲ್ಲು ಶಿಕ್ಷೆಯವರೆಗೂ ಹೋಗಬಹುದಾದ ಆರೋಪ ಹೊತ್ತವನನ್ನು ಕೊಲ್ಲಬಹುದೇ ಎಂದು ಕೆಲವರು ಕೇಳುತ್ತಾರೆ. ಈ ಓದು ಸರಿಯಲ್ಲ. ಕಾನೂನು ಇಲ್ಲಿ ಒಂದು ನಿಷೇಧವನ್ನು ಹೇಳಿದೆಯೇ ಹೊರತು ಉಳಿದವರನ್ನೆಲ್ಲ ಕೊಲ್ಲಲು ಪರವಾನಗಿ ಕೊಟ್ಟಿಲ್ಲ. ಗಂಭೀರ ಆರೋಪ ಹೊತ್ತವನ ವಿಷಯದಲ್ಲೂ 'ಅಗತ್ಯವಾದ' ಎಂಬ ಮಾತು ಹಾಗೆಯೇ ಉಳಿಯುತ್ತದೆ. ಓಡುವವನನ್ನು ಬೆನ್ನಟ್ಟಿ ಹಿಡಿಯುವುದು ಸಾಧ್ಯವಿದ್ದಲ್ಲಿ ಗುಂಡು ಅಗತ್ಯವೆನಿಸುವುದಿಲ್ಲ.

ಪೊಲೀಸರು ಅವಲಂಬಿಸುವ ಇನ್ನೊಂದು ಆಧಾರ ಆತ್ಮರಕ್ಷಣೆ. ಈ ಹಕ್ಕು ಪೊಲೀಸರಿಗೆಂದೇ ಇರುವ ವಿಶೇಷ ಹಕ್ಕಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿ ಎಲ್ಲ ನಾಗರಿಕರಿಗೂ ಇರುವ ಹಕ್ಕು. ಸಾವು ಅಥವಾ ತೀವ್ರ ಗಾಯವಾದೀತೆಂಬ ಸಕಾರಣ ಭಯವಿದ್ದಾಗ ಎದುರಾಳಿಯ ಪ್ರಾಣ ತೆಗೆಯುವವರೆಗೂ ಅದು ವಿಸ್ತರಿಸುತ್ತದೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲವೆಂದು 37ನೇ ಸೆಕ್ಷನ್ ಮಿತಿ ಹಾಕಿದೆ.

ಇಲ್ಲೊಂದು ಸೂಕ್ಷ್ಮವಿದೆ. ಪತ್ರಿಕಾ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಾಣುವ 'ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದಾಗ' ಎಂಬ ಸಾಲು ಎರಡು ಬೇರೆ ಸಮರ್ಥನೆಗಳನ್ನು ಒಂದೇ ವಾಕ್ಯದಲ್ಲಿ ಹೆಣೆಯುತ್ತದೆ. ಹಲ್ಲೆ ನಡೆಯುತ್ತಿದ್ದರೆ ಆತ್ಮರಕ್ಷಣೆಯ ಹಕ್ಕು ಬರುತ್ತದೆ. ಹಲ್ಲೆ ಮುಗಿದು ಆತ ಬೆನ್ನು ತಿರುಗಿಸಿ ಓಡತೊಡಗಿದ್ದರೆ ಆ ಭಯ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಉಳಿಯುವುದು ಹಿಡಿಯುವ ಅಧಿಕಾರ ಮಾತ್ರ, ಮತ್ತು ಅದರ ಅಳತೆ ಇನ್ನೂ ಬಿಗಿಯಾದದ್ದು. ಗುಂಡು ದೇಹದ ಯಾವ ಭಾಗಕ್ಕೆ, ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ತಗುಲಿತು ಎಂಬುದನ್ನು ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ತನಿಖಾಧಿಕಾರಿಗಳು ಹುಡುಕುವುದು ಇದಕ್ಕಾಗಿಯೇ. ಬೆನ್ನಿನ ಗಾಯವೊಂದೇ ಪೊಲೀಸರ ತಪ್ಪನ್ನು ಸಾಬೀತುಪಡಿಸುವುದಿಲ್ಲ, ಏಕೆಂದರೆ ಕಲ್ಲೆಸೆಯುವವನು ಎಸೆದ ಮರುಕ್ಷಣ ತಿರುಗಿರಬಹುದು. ಆದರೆ ವಿವರಣೆ ಬೇಡುವ ಗಾಯ ಅದು.

ಮಹಜರಿಗೆ ಕರೆದೊಯ್ಯುವಾಗಲೇ ಏಕೆ?

ಇಂಥ ಘಟನೆಗಳಲ್ಲಿ ಹೆಚ್ಚಿನವು ಠಾಣೆಯೊಳಗಲ್ಲ, ಸ್ಥಳ ಮಹಜರಿಗೋ ವಸ್ತುಗಳ ಜಪ್ತಿಗೋ ಆರೋಪಿಯನ್ನು ಹೊರಗೆ ಕರೆದೊಯ್ದಾಗ ನಡೆಯುತ್ತವೆ ಎಂಬುದನ್ನು ಸುದ್ದಿ ಓದುವ ಎಲ್ಲರೂ ಗಮನಿಸಿರುತ್ತಾರೆ. ಇದರ ಬೇರು ಸಾಕ್ಷ್ಯ ಕಾನೂನಿನಲ್ಲಿದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹೊಡೆದು ಬಡಿದು ಬಾಯಿಬಿಡಿಸುವುದನ್ನು ತಡೆಯಲೆಂದೇ ಬ್ರಿಟಿಷರ ಕಾಲದಿಂದ ಬಂದ ನಿಯಮವದು. ಆದರೆ ಅದಕ್ಕೊಂದು ಅಪವಾದವಿದೆ: ವಶದಲ್ಲಿರುವವನು ಕೊಟ್ಟ ಮಾಹಿತಿಯಿಂದ ಚಾಕು, ಮೊಬೈಲ್, ಬಟ್ಟೆಯಂಥದ್ದೇನಾದರೂ ಪತ್ತೆಯಾದರೆ, ಮಾಹಿತಿಯ ಆ ಭಾಗವಷ್ಟೇ ಸಾಕ್ಷ್ಯವಾಗುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದ 27ನೇ ಸೆಕ್ಷನ್ನಿನಲ್ಲಿದ್ದ ಈ ಅಪವಾದ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನ ಪರಂತುಕದಲ್ಲಿದೆ (ನಿಯಮಕ್ಕೆ ವಿನಾಯಿತಿ ಹೇಳುವ ಭಾಗ). ಹೀಗಾಗಿ ಆರೋಪಿಯನ್ನು ಹೊಲ, ಹಾಳುಮನೆ, ರಸ್ತೆ ಬದಿಗೆ ಕರೆದೊಯ್ಯುವುದು ತನಿಖೆಯ ಅನಿವಾರ್ಯ ಭಾಗವಾಗಿದೆ. ತಪ್ಪಿಸಿಕೊಳ್ಳುವ ಅವಕಾಶ ನಿಜವಾಗಿಯೂ ಇರುವುದು ಅಲ್ಲಿಯೇ. ತಪ್ಪಿಸಿಕೊಳ್ಳಲು ಯತ್ನಿಸಿದನೆಂದು ಹೇಳಿದರೆ ನಂಬುವಂತಿರುವುದೂ ಅಲ್ಲಿಯೇ.

ಅಗತ್ಯದ ಪ್ರಶ್ನೆ ಗುಂಡು ಹಾರಿದ ಕ್ಷಣದಲ್ಲಿ ಹುಟ್ಟುವುದಿಲ್ಲ, ಆರೋಪಿಯನ್ನು ವಾಹನ ಹತ್ತಿಸುವ ಮೊದಲೇ ಹುಟ್ಟುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 43(3)ನೇ ಉಪಕಲಮು ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ಅಪರಾಧದಂಥ ಪ್ರಕರಣಗಳ ಆರೋಪಿಗಳಿಗೆ ಕೈಕೋಳ ತೊಡಿಸಲು ಪೊಲೀಸರಿಗೆ ಸ್ಪಷ್ಟ ಅವಕಾಶ ಕೊಟ್ಟಿದೆ. 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪಿನ ನಂತರ ಕೈಕೋಳಕ್ಕೆ ಇದ್ದ ಕಟ್ಟುನಿಟ್ಟು ಈ ಮಟ್ಟಿಗೆ ಸಡಿಲವಾಗಿದೆ. ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊದಲ್ಲಿ ದಾಖಲಿಸಬೇಕೆಂದು 105ನೇ ಸೆಕ್ಷನ್ ಹೇಳುತ್ತದೆ. ಮೊಬೈಲ್ ಫೋನಿನಲ್ಲಾದರೂ ಆಗಬಹುದು. ಈ ಎರಡನ್ನೂ ಜೋಡಿಸಿ ನೋಡಿದರೆ ಪ್ರತಿ ಘಟನೆಯಲ್ಲೂ ಕೇಳಲೇಬೇಕಾದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಕೈಕೋಳ ತೊಡಿಸಲಾಗಿತ್ತೇ? ತೊಡಿಸಿರದಿದ್ದರೆ ಏಕೆ? ಜೊತೆಗೆ ಎಷ್ಟು ಸಿಬ್ಬಂದಿ ಹೋಗಿದ್ದರು? ಸಾಕ್ಷಿಗಳಾಗಿ ಇರಬೇಕಾದ ಪಂಚರು ಎಲ್ಲಿದ್ದರು? ಚಿತ್ರೀಕರಣಕ್ಕೆಂದು ಕೈಯಲ್ಲಿ ಇರಬೇಕಿದ್ದ ಕ್ಯಾಮೆರಾ ಆ ಹೊತ್ತಿನಲ್ಲಿ ಏನನ್ನು ದಾಖಲಿಸಿತು?

ಎರಡು ತುಂಡು ಹಗ್ಗ

ವಶದಲ್ಲಿ ಸಾವಾದಾಗ ವಿವರಣೆ ಕೊಡುವ ಹೊಣೆ ಯಾರದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1993ರಲ್ಲೇ ಉತ್ತರ ಕೊಟ್ಟಿದೆ. ಒಡಿಶಾದಲ್ಲಿ 1987ರ ಡಿಸೆಂಬರ್ 1ರಂದು ಪೊಲೀಸರು ಕರೆದೊಯ್ದ 22 ವರ್ಷದ ಯುವಕನ ದೇಹ ಮರುದಿನ ರೈಲು ಹಳಿಯ ಬಳಿ ಸಿಕ್ಕಿತು. ಅವನನ್ನು ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದು ರಾತ್ರಿ ತಪ್ಪಿಸಿಕೊಂಡು ರೈಲಿಗೆ ಸಿಕ್ಕಿ ಸತ್ತನೆಂದು ಪೊಲೀಸರು ಹೇಳಿದರು. ಮೇಲ್ನೋಟಕ್ಕೆ ಅಸಾಧ್ಯವೇನಲ್ಲ. ಆದರೆ ಠಾಣೆಯಲ್ಲಿ ಉಳಿದಿದ್ದ ಹಗ್ಗದ ತುಂಡನ್ನೂ ದೇಹದ ಜೊತೆ ಸಿಕ್ಕ ತುಂಡನ್ನೂ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ ಅವೆರಡೂ ಹೊಂದಲೇ ಇಲ್ಲ. ದೇಹದ ಮೇಲಿನ ಗಾಯಗಳು ರೈಲಿನಿಂದಾದವು ಎಂಬುದನ್ನೂ ವೈದ್ಯಕೀಯ ಸಾಕ್ಷ್ಯ ಒಪ್ಪಲಿಲ್ಲ. ಆ ಯುವಕನ ತಾಯಿ ಬರೆದ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿದ ನ್ಯಾಯಾಲಯ, ವಶದಲ್ಲಿದ್ದವನಿಗೆ ಆದ ಗಾಯಗಳಿಗೂ ಸಾವಿಗೂ ವಿವರಣೆ ಕೊಡುವ ಹೊಣೆ ಸರ್ಕಾರದ್ದೆಂದು ಹೇಳಿ 1.5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಈ ಹೊಣೆಯನ್ನು ಪೊಲೀಸರ ಮೇಲೆ ಹಾಕಿರುವುದು ಅವರ ಮೇಲಿನ ಅಪನಂಬಿಕೆಯಿಂದಲ್ಲ. ವಶಕ್ಕೆ ಪಡೆದ ಕ್ಷಣದಿಂದ ಆ ವ್ಯಕ್ತಿಯ ದೇಹ, ಅವನ ಸುತ್ತಲಿನ ಜಾಗ, ಅಲ್ಲಿದ್ದ ಸಾಕ್ಷಿಗಳು, ಆಯುಧ, ಡೈರಿ ಎಲ್ಲವೂ ಪೊಲೀಸರ ಕೈಯಲ್ಲೇ ಇರುತ್ತವೆ. ಘಟನೆಯನ್ನು ಬಲ್ಲ ಎರಡು ಪಕ್ಷಗಳಲ್ಲಿ ಒಂದು ಪಕ್ಷ ಸತ್ತಿರುತ್ತದೆ. ವಿಶೇಷವಾಗಿ ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಸಾಬೀತುಪಡಿಸುವ ಭಾರ ಅದನ್ನು ಬಲ್ಲವನದೇ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ತತ್ವ. ಆತ್ಮರಕ್ಷಣೆಯ ವಿನಾಯಿತಿ ಕೇಳುವವನೇ ಅದನ್ನು ತೋರಿಸಿಕೊಡಬೇಕೆಂಬುದೂ ಅಷ್ಟೇ ಹಳೆಯದು.

2019ರ ಡಿಸೆಂಬರ್ 6ರ ಬೆಳಗಿನ ಜಾವ ಹೈದರಾಬಾದ್ ಸಮೀಪದ ಚಟಾನ್‌ಪಲ್ಲಿಯಲ್ಲಿ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಸತ್ತಾಗ ದೇಶದ ಹಲವೆಡೆ ಜನ ಪೊಲೀಸರ ಮೇಲೆ ಹೂವು ಎರಚಿದ್ದರು. ಆಗ ಸೈಬರಾಬಾದ್ ಪೊಲೀಸ್ ಆಯುಕ್ತರಾಗಿದ್ದ ವಿ.ಸಿ. ಸಜ್ಜನರ ಹುಬ್ಬಳ್ಳಿಯವರಾದ್ದರಿಂದ ಉತ್ತರ ಕರ್ನಾಟಕದಲ್ಲಿ ಆ ಸಂಭ್ರಮಕ್ಕೆ ಸ್ಥಳೀಯ ಬಣ್ಣವೂ ಬಂತು. ವಸ್ತುಗಳ ಜಪ್ತಿಗೆ ಕರೆದೊಯ್ದಾಗ ಆರೋಪಿಗಳು ಪಿಸ್ತೂಲು ಕಸಿದು ಗುಂಡು ಹಾರಿಸಿದರೆಂದು ಪೊಲೀಸರು ಹೇಳಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ ಇದನ್ನು ನಂಬಲಿಲ್ಲ. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಲ್ಲಿ ವಿಚಾರಣೆಗೆ ಒಳಪಡಿಸಬೇಕು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರಾಗಿದ್ದರು ಎಂದು 2022ರ ಮೇ ತಿಂಗಳಲ್ಲಿ ಬಹಿರಂಗವಾದ ಅದರ ವರದಿ ಹೇಳಿತು. ಪೊಲೀಸ್ ಕೆಲಸದ ಒಳಹೊರಗು ತಿಳಿಯದವರು ಬರೆದ ವರದಿಯೆಂದು ಅದನ್ನು ತಳ್ಳಿಹಾಕಲು ಬರುವುದಿಲ್ಲ. ಆಯೋಗದ ಮೂವರಲ್ಲಿ ಒಬ್ಬರು ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿಯಾಗಿ ಬಂದು ಸಿಬಿಐ ನಿರ್ದೇಶಕರಾಗಿದ್ದ ಡಿ.ಆರ್. ಕಾರ್ತಿಕೇಯನ್.

ಬದ್ಲಾಪುರ ಪ್ರಕರಣದಲ್ಲೂ ಕಥೆ ಆಯುಧ ಕಸಿದುಕೊಂಡದ್ದೇ. ಆರೋಪಿಯು ಕಸಿದನೆನ್ನಲಾದ ಪಿಸ್ತೂಲಿನ ಮೇಲೆ ಅವನ ಬೆರಳಚ್ಚು ಸಿಗಲಿಲ್ಲ ಎಂಬುದನ್ನು ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟ್ ಗಮನಿಸಿದರು. ವಾಹನದಲ್ಲಿದ್ದ ಪೊಲೀಸರು ಸೇರಿ ಆತನನ್ನು ಸುಲಭವಾಗಿ ಹಿಡಿದಿಡಬಹುದಿತ್ತು, ಬಳಸಿದ ಬಲ ಸಮರ್ಥನೀಯವಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಇದರಿಂದ ಹುಬ್ಬಳ್ಳಿಯಲ್ಲೂ ಹಾಗೆಯೇ ಆಗಿದೆಯೆಂದು ಹೇಳುವುದು ಅನ್ಯಾಯ. ಒಂದೊಂದು ಘಟನೆಯ ಸಂಗತಿಗಳೂ ಬೇರೆ. ಮೊದಲ ದಿನದ ಹೇಳಿಕೆ, ಅದು ಪೊಲೀಸರದ್ದಾದರೂ ವಿರೋಧಿಗಳದ್ದಾದರೂ, ಹಗ್ಗದ ತುಂಡುಗಳನ್ನು ಜೋಡಿಸಿ ನೋಡುವವರೆಗೆ ಹೇಳಿಕೆ ಮಾತ್ರ ಎಂಬುದಷ್ಟೇ ಈ ಪ್ರಕರಣಗಳಿಂದ ತಿಳಿಯುವುದು.

ಪೊಲೀಸರ ವಾದದಲ್ಲಿರುವ ಸತ್ಯ

ಪೊಲೀಸರ ಪರವಾದ ವಾದವನ್ನು ಅದರ ಪೂರ್ಣ ಬಲದೊಂದಿಗೆ ಕೇಳಿಸಿಕೊಳ್ಳಬೇಕು. ತಂಪು ಹೊತ್ತಿನಲ್ಲಿ ನ್ಯಾಯಾಲಯ ತಿಂಗಳುಗಟ್ಟಲೆ ಯೋಚಿಸುವುದನ್ನು ಒಬ್ಬ ಸಬ್‌ ಇನ್‌ಸ್ಪೆಕ್ಟರ್ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕಾಗುತ್ತದೆ. ಆತ್ಮರಕ್ಷಣೆಯ ಹಕ್ಕನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಬಾರದೆಂದು ನ್ಯಾಯಾಲಯಗಳೇ ಹಲವು ಬಾರಿ ಹೇಳಿವೆ. ಆರೋಪಿ ತಪ್ಪಿಸಿಕೊಂಡರೆ ಮೊದಲು ಅಮಾನತಾಗುವುದು ಜೊತೆಗಿದ್ದ ಸಿಬ್ಬಂದಿ. ಮಗುವಿನ ಕೊಲೆ ನಡೆದ ಊರಿನಲ್ಲಿ ಠಾಣೆಯ ಮುಂದೆ ಜಮಾಯಿಸಿದ ಜನರ ಆಕ್ರೋಶವನ್ನು ಎದುರಿಸುವವರೂ ಅವರೇ.

ಜನರ ಅಸಹನೆಗೂ ಕಾರಣವಿದೆ. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣಕ್ಕೆ ತ್ವರಿತ ನ್ಯಾಯಾಲಯವಿತ್ತು, ದೇಶದ ಕಣ್ಣೆಲ್ಲ ಅದರ ಮೇಲಿತ್ತು. ಆದರೂ ಶಿಕ್ಷೆ ಜಾರಿಯಾದದ್ದು 2020ರ ಮಾರ್ಚ್ 20ರಂದು. ಯಾರ ಗಮನವೂ ಇಲ್ಲದ ಪ್ರಕರಣಗಳ ಗತಿಯೇನೆಂದು ಮಗಳನ್ನು ಕಳೆದುಕೊಂಡ ಮನೆಯವರು ಕೇಳಿದರೆ ಕೊಡಲು ಸುಲಭದ ಉತ್ತರವಿಲ್ಲ.

ಆದರೆ ಈ ವಾದದಲ್ಲಿ ಎರಡು ಎಳೆಗಳಿವೆ ಎಂಬುದನ್ನು ಬಿಡಿಸಿ ನೋಡಬೇಕು. 'ಆ ಕ್ಷಣದಲ್ಲಿ ಬೇರೆ ದಾರಿ ಇರಲಿಲ್ಲ' ಎಂಬುದು ಕಾನೂನು ಒಪ್ಪುವ ಸಮರ್ಥನೆ. ಸಾಕ್ಷ್ಯ ಸಿಕ್ಕರೆ ಅಧಿಕಾರಿ ಅದರಿಂದ ಪೂರ್ಣ ಮುಕ್ತರಾಗುತ್ತಾರೆ, ಗೌರವಕ್ಕೂ ಪಾತ್ರರಾಗುತ್ತಾರೆ. 'ಕೋರ್ಟು ತಡಮಾಡುತ್ತದೆ, ಆದ್ದರಿಂದ ಆದದ್ದು ಒಳ್ಳೆಯದೇ ಆಯಿತು' ಎಂಬುದು ಸಮರ್ಥನೆಯೇ ಅಲ್ಲ. ಅಷ್ಟೇ ಅಲ್ಲ, ಅದು ಮೊದಲನೆಯ ವಾದವನ್ನು ದುರ್ಬಲಗೊಳಿಸುತ್ತದೆ. ಅನಿವಾರ್ಯವಾಗಿ ಗುಂಡು ಹಾರಿಸಬೇಕಾಗಿ ಬಂದ ಅಧಿಕಾರಿಯನ್ನು 'ಒಳ್ಳೆಯ ಶಿಕ್ಷೆ ಕೊಟ್ಟಿರಿ' ಎಂದು ಹೊಗಳುವವರು, ಆಕೆ ಅಥವಾ ಆತ ಶಿಕ್ಷೆ ಕೊಡಲೆಂದೇ ಗುಂಡು ಹಾರಿಸಿದರು ಎಂದು ತಮಗರಿವಿಲ್ಲದೆಯೇ ಆರೋಪಿಸುತ್ತಿರುತ್ತಾರೆ. ಶಿಕ್ಷೆ ಕೊಡುವ ಉದ್ದೇಶವಿತ್ತೆಂದಾದರೆ ಆತ್ಮರಕ್ಷಣೆಯ ವಾದ ಅಲ್ಲಿಗೆ ಕುಸಿಯುತ್ತದೆ.

ತನಿಖೆಯನ್ನು ಯಾರು ಮಾಡಬೇಕು?

ಈ ವಿಷಯದಲ್ಲಿ ದೇಶಕ್ಕೆ ಮೊದಲ ಕ್ರಮಬದ್ಧ ದಾರಿ ತೋರಿಸಿದವರಲ್ಲಿ ಕನ್ನಡಿಗರೊಬ್ಬರಿದ್ದಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ 1997ರ ಮಾರ್ಚ್ 29ರಂದು ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಗುಂಡು ಹಾರಿಸಿದ ಠಾಣೆಯ ಪೊಲೀಸರೇ ಆ ಘಟನೆಯ ತನಿಖೆ ಮಾಡುವುದು ಸರಿಯಲ್ಲ, ಸಿಐಡಿಯಂಥ ಬೇರೆ ಸಂಸ್ಥೆಗೆ ಅದನ್ನು ಒಪ್ಪಿಸಬೇಕು ಎಂದರು. 2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಅಂಶಗಳ ಮಾರ್ಗಸೂಚಿ ಕೊಟ್ಟಿತು. ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ತನಿಖೆ, ಬಳಸಿದ ಆಯುಧವನ್ನು ಪರೀಕ್ಷೆಗೆ ಒಪ್ಪಿಸುವುದು, ಮ್ಯಾಜಿಸ್ಟ್ರೇಟ್ ವಿಚಾರಣೆ ಇವೆಲ್ಲ ಅದರಲ್ಲಿವೆ. ಘಟನೆಯ ಬೆನ್ನಿಗೇ ಶೌರ್ಯ ಪದಕವಾಗಲಿ ಬಡ್ತಿಯಾಗಲಿ ಕೊಡಬಾರದು, ಶೌರ್ಯ ಸಂಶಯಾತೀತವಾಗಿ ಸ್ಥಾಪಿತವಾದ ಮೇಲಷ್ಟೇ ಕೊಡಬಹುದು ಎಂಬ ಅಂಶವೂ ಇದೆ; ಹೂಮಾಲೆಗಳ ನಡುವೆ ಸದಾ ಮರೆತುಹೋಗುವ ಅಂಶವದು.

ಪೊಲೀಸರ ವಶದಲ್ಲಿ ಸಾವಾದರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ಪ್ರತ್ಯೇಕ ವಿಚಾರಣೆ ನಡೆಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 196ನೇ ಸೆಕ್ಷನ್ ಹೇಳುತ್ತದೆ. ಆ ವರದಿ ಬಂದ ಮೇಲೇನು ಎಂಬುದೇ ಬದ್ಲಾಪುರದಲ್ಲಿ ಎದ್ದ ವಿವಾದ. ಸಿಐಡಿ ತನಿಖೆ ನಡೆಯುತ್ತಿದೆ, ಅದು ಮುಗಿಯಲಿ, ಈಗಲೇ ಎಫ್‌ಐಆರ್ ಏಕೆ ಎಂದು ಸರ್ಕಾರ ವಾದಿಸಿತು. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ, ನಡೆದಿರುವ ಮಾಹಿತಿ ಸಿಕ್ಕರೆ ಎಫ್‌ಐಆರ್ ಕಡ್ಡಾಯವೆಂದು 2013ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಪೊಲೀಸರ ವಿಷಯದಲ್ಲಿ ಬೇರೆ ನಿಯಮವಿಲ್ಲ ಎಂಬುದು ಹೈಕೋರ್ಟಿನ ಉತ್ತರವಾಗಿತ್ತು. ಅಷ್ಟರಲ್ಲಿ ಸತ್ತವನ ತಂದೆತಾಯಿ ತಮಗೆ ಪ್ರಕರಣ ಮುಂದುವರಿಸುವ ಇಚ್ಛೆಯಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿದ್ದರು. ಆದರೂ ನ್ಯಾಯಾಲಯ ಅಲ್ಲಿಗೆ ನಿಲ್ಲಲಿಲ್ಲ. ತನಗೆ ನೆರವಾಗಲು ಹಿರಿಯ ವಕೀಲರೊಬ್ಬರನ್ನು ನೇಮಿಸಿಕೊಂಡು ವಿಚಾರಣೆ ಮುಂದುವರಿಸಿತು. ಆ ಆದೇಶದಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದೇ ಎನಿಸುತ್ತದೆ, ಏಕೆಂದರೆ ಕೇಳುವವರು ಇಲ್ಲದವರ ಸಾವನ್ನೂ ಕೇಳಬೇಕಾದದ್ದು ಸರ್ಕಾರದ ಕರ್ತವ್ಯವೇ ಹೊರತು ಮನೆಯವರ ಶಕ್ತಿಯನ್ನು ಅವಲಂಬಿಸಿದ ವಿಷಯವಲ್ಲ. ತನಿಖಾ ತಂಡವನ್ನು ರಚಿಸುವ ಅಧಿಕಾರವನ್ನು ನಂತರ ಸುಪ್ರೀಂ ಕೋರ್ಟ್ ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ವಹಿಸಿತು.

ಪೂರ್ವಾನುಮತಿಯ ಬಾಗಿಲು

ತನಿಖೆಯಲ್ಲಿ ಪೊಲೀಸರ ತಪ್ಪು ಕಂಡುಬಂದರೂ ಪ್ರಕರಣ ನೇರವಾಗಿ ವಿಚಾರಣೆಗೆ ಹೋಗುವುದಿಲ್ಲ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್, ಅದರ ಜೊತೆಗೆ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಸರ್ಕಾರದ ಪೂರ್ವಾನುಮತಿಯನ್ನು ಕೇಳುತ್ತವೆ. ಕರ್ತವ್ಯದ ಮಿತಿ ಮೀರಿ ನಡೆದುಕೊಂಡವರಿಗೂ ಈ ರಕ್ಷಣೆ ಏಕೆ ಎಂಬುದು ಓದುಗರಿಗೆ ಅರ್ಥವಾಗದ ಸಂಗತಿ. 2020ರ ಜೂನ್‌ನಲ್ಲಿ ಕರ್ನಾಟಕದಿಂದಲೇ ಹೋದ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ: ಅತಿರೇಕದ ಕೃತ್ಯಕ್ಕೂ ಅಧಿಕೃತ ಕರ್ತವ್ಯಕ್ಕೂ ಸಕಾರಣ ನಂಟಿದ್ದರೆ ಪೂರ್ವಾನುಮತಿ ಬೇಕು, ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಬೇಡ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಮತ್ತೊಂದು ಪ್ರಕರಣದಲ್ಲಿ ಇದೇ ತತ್ವದ ಮೇಲೆ ಪೊಲೀಸ್ ಅಧಿಕಾರಿಗಳ ವಿರುದ್ಧದ ಕ್ರಮ ರದ್ದಾಯಿತು. ಅದೇ ವರ್ಷ ಪಂಜಾಬಿನ ಪ್ರಕರಣವೊಂದರಲ್ಲಿ, ಮಫ್ತಿಯಲ್ಲಿದ್ದ ಪೊಲೀಸರು ಕಾರೊಂದನ್ನು ಸುತ್ತುವರಿದು ಗುಂಡು ಹಾರಿಸಿದ್ದನ್ನು ಕರ್ತವ್ಯವೆನ್ನಲಾಗದೆಂದು ಅದೇ ನ್ಯಾಯಾಲಯ ಹೇಳಿತು.

ಇಷ್ಟರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. ಗುಂಡು ಹಾರಿಸಿದ್ದು ಕರ್ತವ್ಯದ ಭಾಗವೇ ಅಥವಾ ಉದ್ದೇಶಪೂರ್ವಕ ಹತ್ಯೆಯೇ ಎಂಬುದು ಸಾಕ್ಷ್ಯ ಪರಿಶೀಲಿಸಿದ ಮೇಲಷ್ಟೇ ತಿಳಿಯುವಂಥದ್ದು. ಪೂರ್ವಾನುಮತಿ ಬೇಕೇ ಎಂದು ತೀರ್ಮಾನಿಸಲು ಮಾತ್ರ ಅದನ್ನು ಮೊದಲೇ ತಿಳಿದಿರಬೇಕು. ಹೊಸ ಸಂಹಿತೆ 120 ದಿನಗಳ ಗಡುವು ಹಾಕಿ, ಅಷ್ಟರಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸಬೇಕು ಎಂದಿರುವುದರಿಂದ ವಿಳಂಬಕ್ಕೆ ಒಂದಿಷ್ಟು ಕಡಿವಾಣ ಬಿದ್ದಿದೆ. ಆದರೆ ನಿರಾಕರಿಸುವ ಅಧಿಕಾರ ಹಾಗೆಯೇ ಇದೆ.

'ಕಾಲಿಗೆ ಗುಂಡೇಟು'

ಕರ್ನಾಟಕದ ಪತ್ರಿಕೆಗಳಲ್ಲಿ ಸಾವಿಗಿಂತ ಹೆಚ್ಚಾಗಿ ಕಾಣುವುದು ಈ ಎರಡು ಪದಗಳ ಶೀರ್ಷಿಕೆ. ಆರೋಪಿಯನ್ನು ಮಹಜರಿಗೆ ಕರೆದೊಯ್ಯಲಾಯಿತು, ಆತ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದ, ಪೇದೆಯ ಕೈಗೆ ಗಾಯವಾಯಿತು, ಗಾಳಿಯಲ್ಲಿ ಒಂದು ಸುತ್ತು, ನಂತರ ಮೊಣಕಾಲಿನ ಕೆಳಗೆ ಒಂದು ಗುಂಡು, ಇಬ್ಬರೂ ಒಂದೇ ಆಸ್ಪತ್ರೆಗೆ. ಪ್ರಾಣ ಹೋಗಿಲ್ಲವಾದ್ದರಿಂದ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯವಾಗುವುದಿಲ್ಲ, ಚರ್ಚೆಯೂ ಆಗುವುದಿಲ್ಲ. ಪ್ರಾಣ ತೆಗೆಯದೆ ತಡೆದರಲ್ಲ, ಅದೇ ಸಂಯಮ ಎಂದು ಹೇಳುವವರಿದ್ದಾರೆ. ನಿಜವಾದ ಹಲ್ಲೆಯ ಸಂದರ್ಭದಲ್ಲಿ ಆ ಮಾತು ಸರಿಯೂ ಹೌದು. ಆದರೆ ಸುಪ್ರೀಂ ಕೋರ್ಟ್ 2014ರ ತೀರ್ಪಿನಲ್ಲಿ, ಸಾವಿಗೆ ಹೇಳಿದ ಮಾರ್ಗಸೂಚಿಗಳು ತೀವ್ರ ಗಾಯದ ಪ್ರಕರಣಗಳಿಗೂ ಸಾಧ್ಯವಾದಷ್ಟು ಮಟ್ಟಿಗೆ ಅನ್ವಯಿಸುತ್ತವೆ ಎಂದು ಸೇರಿಸಿದೆ. ಆ ಸಾಲಿಗೆ ಸಿಕ್ಕ ಗಮನ ಬಹಳ ಕಡಿಮೆ. ಒಂದೇ ಬಗೆಯ ವಿವರಣೆ ಬೇರೆ ಬೇರೆ ಊರುಗಳಿಂದ ವರ್ಷವಿಡೀ ಬರುತ್ತಿರುವಾಗ, ಪ್ರತಿ ಬಾರಿಯೂ ಆಯುಧ, ಗಾಯ, ಕೈಕೋಳ, ವಿಡಿಯೊ ಎಲ್ಲವನ್ನೂ ಹೊರಗಿನ ತಂಡವೊಂದು ಪರಿಶೀಲಿಸಿದರೆ ನಿಜವಾಗಿಯೂ ಹಲ್ಲೆಗೊಳಗಾದ ಪೇದೆಗೇ ಅದರಿಂದ ಹೆಚ್ಚು ರಕ್ಷಣೆ.

ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿತ್ತು. ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂಬ ವರದಿಗಳ ಹಿನ್ನೆಲೆಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಮತ್ತೆ ಪ್ರಕರಣ ಕೈಗೆತ್ತಿಕೊಂಡಿತು. ಅವೆಲ್ಲ ಸರಿಯಾಗಿ ಕೆಲಸ ಮಾಡಿದರೂ ಹಾಳುಮನೆಯ ಹಿಂದೆ, ರಸ್ತೆ ಬದಿಯಲ್ಲಿ, ವಾಹನದೊಳಗೆ ನಡೆದದ್ದನ್ನು ಅವು ಕಾಣಲಾರವು.

ಕಡತ ಮುಚ್ಚಿದಾಗ ಉಳಿಯುವುದು

ಆರೋಪಿ ಸತ್ತರೆ ಅವನ ಮೇಲಿನ ಮೊಕದ್ದಮೆ ಅಲ್ಲಿಗೆ ನಿಲ್ಲುತ್ತದೆ. ಸಾಕ್ಷಿಗಳ ಪಾಟೀ ಸವಾಲು ನಡೆಯುವುದಿಲ್ಲ, ತೀರ್ಪು ಬರುವುದಿಲ್ಲ. ಇದರ ಪರಿಣಾಮ ಏನಾಗಬಹುದೆಂಬುದನ್ನು ಗುರುಗ್ರಾಮದ ಶಾಲೆಯೊಂದರ ಪ್ರಕರಣ ತೋರಿಸುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಎಳೆಯ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಶಾಲೆಯ ಬಸ್ ಕಂಡಕ್ಟರ್‌ನನ್ನು ಪೊಲೀಸರು ಅದೇ ದಿನ ಹಿಡಿದರು, ತಪ್ಪೊಪ್ಪಿಕೊಂಡನೆಂದರು. ಆತನ ಮೇಲೆ ದೇಶವೇ ಕೆಂಡ ಕಾರಿತು, ಗಲ್ಲಿಗೇರಿಸಿ ಎಂಬ ಕೂಗೆದ್ದಿತು. ತನಿಖೆ ಸಿಬಿಐಗೆ ಹೋದ ಮೇಲೆ ನವೆಂಬರ್‌ನಲ್ಲಿ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಲಾಯಿತು. ಕಂಡಕ್ಟರ್ ವಿರುದ್ಧ ಯಾವ ಸಾಕ್ಷ್ಯವೂ ಇಲ್ಲವೆಂದು 2018ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆತನನ್ನು ಆರೋಪಮುಕ್ತಗೊಳಿಸಿತು. ಬಂಧನವಾದ ಮೊದಲ ವಾರದಲ್ಲಿ ಮಹಜರಿಗೆ ಕರೆದೊಯ್ದಾಗ ಆತ ಗುಂಡೇಟಿನಿಂದ ಸತ್ತಿದ್ದರೆ ಸಂಭ್ರಮಿಸುವವರಿಗೆ ಕೊರತೆ ಇರುತ್ತಿರಲಿಲ್ಲ, ಸತ್ಯವನ್ನು ಹುಡುಕುವವರು ಮಾತ್ರ ಉಳಿಯುತ್ತಿರಲಿಲ್ಲ.

ಸರಿಯಾದ ವ್ಯಕ್ತಿಯೇ ಸಿಕ್ಕಿದ್ದ ಪ್ರಕರಣದಲ್ಲೂ ಮೊಕದ್ದಮೆಯೊಂದಿಗೆ ಹಲವು ಪ್ರಶ್ನೆಗಳು ಮುಚ್ಚಿಹೋಗುತ್ತವೆ. ಅವನಿಗೆ ಯಾರಾದರೂ ನೆರವಾದರೇ, ಹಿಂದೆ ಬೇರೆ ಮಕ್ಕಳಿಗೂ ಹೀಗೆಯೇ ಮಾಡಿದ್ದನೇ, ದೂರು ಬಂದರೂ ಯಾರಾದರೂ ಕಡೆಗಣಿಸಿದ್ದರೇ ಎಂಬುದನ್ನು ಹೇಳಬಲ್ಲ ಮುಖ್ಯ ವ್ಯಕ್ತಿಯೇ ಇಲ್ಲವಾಗಿರುತ್ತಾನೆ. ಬದ್ಲಾಪುರದಲ್ಲಿ ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಆರೋಪ ಶಾಲೆಯ ಆಡಳಿತದವರ ಮೇಲಿತ್ತು. ಹುಬ್ಬಳ್ಳಿಯ ಆ ಮನೆಯವರ ಕೈಗೆ, ತಮ್ಮ ಮಗುವಿಗೆ ಏನಾಯಿತು, ಯಾರಿಂದಾಯಿತು, ಅದನ್ನು ತಡೆಯಬಹುದಿತ್ತೇ ಎಂದು ಸಾಕ್ಷ್ಯಗಳನ್ನು ತೂಗಿ ಹೇಳುವ ತೀರ್ಪಿನ ಪ್ರತಿಯೊಂದು ಇನ್ನು ಯಾವತ್ತೂ ಬರುವುದಿಲ್ಲ.